ಅಲ್ಲಾಡದ ಕಂಬಿ

ಸಣ್ಣಸ್ವಾಮಿಯ ಮನೆಯ ಹೊರಮೆಟ್ಟಿಲಿನ, ಕೈ ಹಿಡಿದು ಹತ್ತುವ ಕಬ್ಬಿಣದ ಕಂಬಿ ಅಲ್ಲಾಡುತ್ತಿತ್ತು. ಇವತ್ತು ನಿನ್ನೆಯಿಂದ ಅಲ್ಲ. ಮಹಡಿ ಕಟ್ಟಿಸಿ ಎರಡು ವರ್ಷವಾಗಿತ್ತು, ಕಂಬಿ ಅಲ್ಲಾಡತೊಡಗಿಯೂ ಎರಡು ವರ್ಷವಾಗಿತ್ತು. ಅಷ್ಟು ದಿನ ಅದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ಮಹಡಿಯಲ್ಲಿ ಬಾಡಿಗೆಗಿದ್ದ ಅನಿಲ್‌ಕುಮಾರ್ ಎಂಬ ಬ್ರಹ್ಮಚಾರಿ ಒಂದು ಚಾಪೆ, ಒಂದು ಸ್ಟೌವು, ಒಂದು ಬಕೆಟ್ಟು ಹಿಡಿದುಕೊಂಡು ಬಂದವನು, ಅಷ್ಟನ್ನೇ ಹಿಡಿದುಕೊಂಡು ಎಂಟು ತಿಂಗಳ ಹಿಂದೆ ಹೊರಟುಹೋಗಿದ್ದ. ಎರಡೆರಡು ಮೆಟ್ಟಿಲು ಹಾರಿ ಹತ್ತುತ್ತಿದ್ದ ಅವನಿಗೆ ಅಲ್ಲೊಂದು ಕಂಬಿ ಇದೆ ಎಂಬುದೇ ಗೊತ್ತಿತ್ತೋ ಇಲ್ಲವೋ.

ಅಲ್ಲಿಂದ ಮಹಡಿ ಖಾಲಿ. ಸಣ್ಣಸ್ವಾಮಿಗೆ ಬಾಡಿಗೆಗಿಂತ ಮರ್ಯಾದೆ ದೊಡ್ಡದು. ಒಂದು ಸಲ ಪಂಚಾಯ್ತಿ ಸದಸ್ಯನಾಗಿ, ಎರಡನೆಯ ಸಲ ಸೋತು, ಮೂರನೆಯ ಸಲ ನಿಲ್ಲುವ ಆಸೆಯನ್ನು ಇನ್ನೂ ಬಿಡದೆ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲೇ ಶುಂಠಿ ಹೊಲಕ್ಕೆ ಹೋಗುತ್ತಿದ್ದ ಆಸಾಮಿ ಅವನು. ಕೂಡಿಗೆಯಿಂದ ಹೆಬ್ಬಾಲೆಗೆ ಹೋಗುವ ದಾರಿಯಲ್ಲಿದ್ದ ಅವರ ಬೀದಿಯಲ್ಲಿ ಮಹಡಿ ಇದ್ದದ್ದು ಅವನ ಮನೆಗೊಂದಕ್ಕೇ. ಹಾಲಿನ ಡೇರಿಯ ಮುಂದೆ ನಿಂತವರು, ಏನು ಸ್ವಾಮಣ್ಣ ಇನ್ನೂ ಯಾರೂ ಬರಲಿಲ್ಲವಾ ಎಂದು ಕೇಳುವಾಗ ಅವರ ದನಿಯಲ್ಲಿದ್ದ ಕನಿಕರ ಅವನಿಗೆ ಚೇಳು ಕುಟುಕಿದ ಹಾಗೆ ಆಗುತ್ತಿತ್ತು.

ಅಂಥ ಹೊತ್ತಿನಲ್ಲಿ ಮಡಿಕೇರಿಯ ತಿಮ್ಮಪ್ಪಯ್ಯ ಮೇಷ್ಟ್ರು ಮನೆ ನೋಡಲು ಬಂದರು. ನಿವೃತ್ತ ಹೆಡ್‌ಮಾಸ್ಟರು, ಅರ್ಚಕರ ಮನೆತನ, ಹಣೆಯಲ್ಲಿ ಗಂಧ, ಚೀಲದಲ್ಲಿ ಪಂಚಾಂಗ. ಅವರ ಹೆಂಡತಿ ತ್ರಿಪುರಸುಂದರಮ್ಮನವರ ಮಂಡಿಗೆ ಮಡಿಕೇರಿಯ ಚಳಿ ಆಗಿಬರುತ್ತಿರಲಿಲ್ಲ. ಬಿಸಿಲು ಕಾಣುವ ಈ ಕಡೆ ಮನೆ ಬೇಕಾಗಿತ್ತು. ಮಂಡಿನೋವಿನವರಿಗೆ ಮಹಡಿ ಯಾಕೆ ಎಂದು ಬೇರೆ ಯಾರಾದರೂ ಕೇಳುತ್ತಿದ್ದರು. ಸಣ್ಣಸ್ವಾಮಿ ಕೇಳದೆ ಬಾಯಿ ಬಿಗಿಹಿಡಿದ. ಮೇಷ್ಟ್ರೇ ಹೇಳಿದರು: ಮನೆದೇವರ ತಲೆಯ ಮೇಲೆ ಯಾರೂ ಓಡಾಡಬಾರದು. ಕೆಳಗೆ ದೇವರನ್ನಿಟ್ಟು ಮೇಲೆ ಇನ್ನೊಬ್ಬರು ಚಪ್ಪಲಿ ಮೆಟ್ಟಿಕೊಂಡು ತಿರುಗುತ್ತಿದ್ದರೆ ಅವರಿಗೆ ತುತ್ತು ಗಂಟಲಲ್ಲಿ ಇಳಿಯುವುದಿಲ್ಲ.

ಮನೆ ಹಿಡಿಸಿತು. ಇಳಿಯುವಾಗ ತ್ರಿಪುರಸುಂದರಮ್ಮ ಕಂಬಿಗೆ ಕೈ ಕೊಟ್ಟರು. ಕಂಬಿ ಏಳು ವರ್ಷದ ಮಗುವಿನ ಹಲ್ಲಿನ ಹಾಗೆ ಅತ್ತಿತ್ತ ಆಡಿತು. ಅವರು ಆ ಮೆಟ್ಟಿಲ ಮೇಲೇ ಕೂತರು. ಕೂತಲ್ಲಿಂದಲೇ, ಇದು ಗಟ್ಟಿಯಾದರೆ ಮಾತ್ರ ತಾನು ಈ ಮನೆಗೆ ಬರುವುದು ಎಂದು ಗಂಡನಿಗೂ ಮನೆಯವನಿಗೂ ಕೇಳುವ ಹಾಗೆ ಹೇಳಿದರು. ಸಣ್ಣಸ್ವಾಮಿ ಎದೆ ಮುಟ್ಟಿಕೊಂಡು ಮಾತು ಕೊಟ್ಟ. ಮೇಷ್ಟ್ರು ಪಂಚಾಂಗ ಬಿಡಿಸಿ, ಇನ್ನು ಹದಿನೈದು ದಿನಕ್ಕೆ ಸೋಮವಾರ, ಸೂರ್ಯ ಮುಳುಗುವುದರೊಳಗೆ ದೇವರು ಒಳಗೆ ಬಂದು ಹಾಲು ಉಕ್ಕಬೇಕು ಎಂದರು. ಮಾರನೆಯ ದಿನದಿಂದ ಧನುರ್ಮಾಸ. ಆಮೇಲೆ ಸಂಕ್ರಾಂತಿಯವರೆಗೆ ದೇವರನ್ನು ಹೊಸ ಮನೆಗೆ ತರುವ ಹಾಗಿಲ್ಲ, ಮಡಿಕೇರಿಯ ಮನೆಯನ್ನಂತೂ ಆಗಲೇ ಬಿಟ್ಟುಕೊಡಲು ಒಪ್ಪಿಯಾಗಿತ್ತು.

ಹದಿನೈದು ದಿನ ಎಂದರೆ ಸಣ್ಣಸ್ವಾಮಿಯಂಥವನಿಗೆ ಒಂದು ಯುಗ. ಮೊದಲ ವಾರ ಅವನು, ಮೇಷ್ಟ್ರು ನಮ್ಮ ಮನೆಗೇ ಬರುವುದು ಎಂಬ ಸುದ್ದಿಯನ್ನು ಊರಿಗೆಲ್ಲ ಹಂಚಿದ. ಎರಡನೆಯ ವಾರ, ಸುದ್ದಿ ತಲುಪದ ಮನೆಗಳನ್ನು ಹುಡುಕಿಕೊಂಡು ಹೋದ. ಕಂಬಿಯ ನೆನಪಾದದ್ದು ಮೇಷ್ಟ್ರು ಬರುವ ಸೋಮವಾರ ಬೆಳಿಗ್ಗೆ ಏಳು ಗಂಟೆಗೆ. ಅದೂ ಅವನಿಗಲ್ಲ, ಹೆಂಡತಿ ಹೊನ್ನಮ್ಮನಿಗೆ. ಅವಳು ಕಾಫಿಯ ಲೋಟವನ್ನು ಅವನ ಮುಂದೆ ಕುಕ್ಕಿದಳು.

“ನಾಕು ಗಂಟೆಗೆ ಲಾರಿ ಬತ್ತದೆ. ಆ ಕಂಬಿ ಹಂಗೇ ಅಲ್ಲಾಡ್ತಾ ಇರ್ಲಿ ಬಿಡಿ. ಬಂದೋರಿಗೆ ಟಾಟಾ ಮಾಡಕ್ಕಾಯ್ತದೆ.”

ಅರ್ಧ ಗಂಟೆಯ ಕೆಲಸ, ಯಾರನ್ನಾದರೂ ಕರೆಸಿದರಾಯಿತು ಎಂದು ಸಣ್ಣಸ್ವಾಮಿ ಫೋನು ತೆಗೆದ. ಡಿಸೆಂಬರ್ ತಿಂಗಳಲ್ಲಿ ಕೊಡಗಿನಲ್ಲಿ ಕೆಲಸದವರನ್ನು ಹುಡುಕುವುದೆಂದರೆ ಬೆಂಕಿ ಬಿದ್ದಾಗ ಬಾವಿ ತೋಡಲು ಹೊರಟ ಹಾಗೆ. ಎಸ್ಟೇಟುಗಳಲ್ಲಿ ಕಾಫಿ ಹಣ್ಣಾಗಿತ್ತು. ಗಾರೆಯವನು, ಬಡಗಿ, ಚರಂಡಿ ತೆಗೆಯುವವನು, ಕೊನೆಗೆ ಮದುವೆಯಲ್ಲಿ ಡೋಲು ಬಡಿಯುವವನು ಕೂಡ ಬೆಳಿಗ್ಗೆ ಆರೂವರೆಗೇ ಜೀಪು ಹತ್ತಿ ಸುಂಟಿಕೊಪ್ಪದ ಕಡೆಗೆ ಹಣ್ಣು ಕೊಯ್ಯುವ ಪಿಕ್ಕಿಂಗಿಗೆ ಹೋಗಿದ್ದರು. ಒಬ್ಬ ಗಿಡದ ಸಂದಿಯಿಂದಲೇ ಫೋನೆತ್ತಿ, ಸಂಕ್ರಾಂತಿ ಕಳೆಯಲಿ ಅಣ್ಣ ಎಂದು ಇಟ್ಟ. ಮೆಟ್ಟಿಲು ಕಟ್ಟಿದ ಕೇರಳದ ಮೇಸ್ತ್ರಿಯ ನಂಬರಿಗೆ ಹೊಡೆದರೆ ಯಾರೋ ಹೆಂಗಸು ಎತ್ತಿ ಮಲಯಾಳದಲ್ಲಿ ಬೈದಳು.

ಹಾಗಾಗಿ ತಾನೇ ಮಾಡುವುದೆಂದು ಸಣ್ಣಸ್ವಾಮಿ ತೀರ್ಮಾನಿಸಿದ. ತನ್ನ ಕೈಗುಣದ ಮೇಲೆ ಅವನಿಗಿದ್ದ ಅಭಿಮಾನಕ್ಕೆ ಆಧಾರ ಏನೆಂದು ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಅವನು ರಿಪೇರಿ ಮಾಡಿದ ನಲ್ಲಿಗೆ ಬಟ್ಟೆ ಸುತ್ತಿ ಹಗ್ಗ ಕಟ್ಟಿತ್ತು. ಅವನು ಸರಿ ಮಾಡಿದ ಹಿತ್ತಲ ಬಾಗಿಲನ್ನು ಹೊನ್ನಮ್ಮ ಒದ್ದೇ ತೆಗೆಯಬೇಕಾಗಿತ್ತು. ಆದರೂ ಅವನು ಪಂಚೆ ಎತ್ತಿ ಕಟ್ಟಿ, ಸುತ್ತಿಗೆ ಹಿಡಿದು, ಹುಣಸೆ ಕಟ್ಟಿಗೆಯ ಮೂರು ಬೆಣೆ ಕೆತ್ತಿ, ಕಂಬಿಯ ಮೂರು ಕಾಲುಗಳ ಬುಡಕ್ಕೂ ಒಂದೊಂದನ್ನು ಹೊಡೆದ. ಎಂಟೂವರೆಗೆ ಕಂಬಿ ನಿಂತಿತು. ಅಲ್ಲಿಗೇ ಅವನು ಬಾಗಿಲು ಹಾಕಿಕೊಂಡು ಒಳಗೆ ಹೋಗಿದ್ದರೆ ಈ ಕತೆ ಇರುತ್ತಿರಲಿಲ್ಲ. ಅವನು ಬೀದಿಗೆ ಬಂದು ನಿಂತು, ಹೋಗುವವರು ಬರುವವರು ನೋಡಲಿ ಎಂದು ಕೈ ಒರೆಸಿಕೊಳ್ಳತೊಡಗಿದ.

ಪಕ್ಕದ ಮನೆಯ ನಾಣಯ್ಯ ಬಂದ. ಲೈನ್‌ಮ್ಯಾನ್ ಕೆಲಸದಿಂದ ನಿವೃತ್ತನಾದ ಮೇಲೆ ನಾಣಯ್ಯನಿಗೆ ಇದ್ದ ಕೆಲಸವೆಂದರೆ ಉಳಿದವರ ಕೆಲಸ. ಏನು ಎತ್ತ ಎಂದು ಕೇಳುವ ಮೊದಲೇ ಅವನು ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು, ಕಾಲು ಊರಿ, ಹಲಸಿನ ಮರ ಕುಲುಕುವವನ ಹಾಗೆ ಕುಲುಕಿದ. ನಡುವಿನ ಬೆಣೆ ಎದ್ದು ಚರಂಡಿಗೆ ಹಾರಿತು.

“ಇದು ಬೆಣೆಗೆಲ್ಲ ನಿಲ್ಲೋ ಕೇಸಲ್ಲ ಮಾರಾಯ,” ಎಂದ ನಾಣಯ್ಯ. ಅದನ್ನು ಕಿತ್ತವನು ತಾನೇ ಎಂಬ ನಾಚಿಕೆ ಅವನ ಮುಖದಲ್ಲಿ ಹುಡುಕಿದರೂ ಸಿಗುತ್ತಿರಲಿಲ್ಲ.

ಎದುರು ಮನೆಯ ಶಕುಂತಲಮ್ಮನೂ ಬಂದಳು. ಸ್ತ್ರೀಶಕ್ತಿ ಸಂಘದ ಅಧ್ಯಕ್ಷೆಯಾದ್ದರಿಂದ ಅವಳು ತಾನು ನೋಡದೆ ಯಾವುದನ್ನೂ ನಂಬುತ್ತಿರಲಿಲ್ಲ. ಅವಳೂ ಅಲ್ಲಾಡಿಸಿದಳು, ಉಳಿದೆರಡು ಬೆಣೆ ಸಡಿಲವಾದವು. ಅಲ್ಲಾಡಿಸುತ್ತಲೇ ಫೋಟೋ ತೆಗೆದು ಸಂಘದ ವಾಟ್ಸಾಪಿಗೆ ಹಾಕಿ, ಸ್ವಾಮಣ್ಣನ ಕಂಬಿ ಹೀಗಾಗಿದೆ, ಪರಿಹಾರ ತಿಳಿಸಿ ಎಂದು ಬರೆದಳು. ಹತ್ತು ಗಂಟೆಯೊಳಗೆ ಪರಿಹಾರ ಹೇಳಲು ಏಳು ಮಂದಿ ಹೆಂಗಸರೂ, ಅವರ ಹಿಂದೆ ನಾಲ್ವರು ಗಂಡಸರೂ ಬಂದರು. ಪಿಕ್ಕಿಂಗಿಗೆ ಹೋಗದೆ ಊರಲ್ಲಿ ಉಳಿದವರೆಂದರೆ ಕೆಲಸ ಬಾರದವರು ಮತ್ತು ಬುದ್ಧಿ ಹೇಳಲು ಬರುವವರು ಮಾತ್ರ, ಅವರೆಲ್ಲರೂ ಸಣ್ಣಸ್ವಾಮಿಯ ಅಂಗಳದಲ್ಲಿ ಸೇರಿದರು. ಬಂದವರಲ್ಲಿ ಒಬ್ಬರೂ ಕಂಬಿಯನ್ನು ಕಣ್ಣಲ್ಲಿ ನೋಡಿ ಸುಮ್ಮನಾಗಲಿಲ್ಲ. ಹಿಡಿದರು, ಎಳೆದರು, ನೂಕಿದರು, ತಲೆ ಆಡಿಸಿದರು. ಬೆಳಿಗ್ಗೆ ಬೆರಳಷ್ಟು ಆಡುತ್ತಿದ್ದ ಕಂಬಿ ಹತ್ತೂವರೆ ಹೊತ್ತಿಗೆ ಗೇಣು ಆಡುತ್ತಿತ್ತು.

ನಾಲ್ಕು ಗಂಟೆಗೆ ಮೇಷ್ಟ್ರು ಬಂದು, ಇದನ್ನು ನೋಡಿ ಲಾರಿ ತಿರುಗಿಸಿಕೊಂಡು ಹೋದರೆ ಡೇರಿಯ ಮುಂದೆ ತಾನು ಯಾವ ಮುಖ ಇಟ್ಟುಕೊಂಡು ನಿಲ್ಲಬೇಕು ಎಂಬುದೊಂದೇ ಸಣ್ಣಸ್ವಾಮಿಯ ಯೋಚನೆ. ಸಿಮೆಂಟೇ ಗತಿ ಎಂದ ನಾಣಯ್ಯನ ಮಾತಿಗೆ ಅವನು ಒಪ್ಪಿದ. ಶಕುಂತಲಮ್ಮನ ಬಚ್ಚಲು ಕಟ್ಟಿ ಉಳಿದಿದ್ದ ಒಂದೂವರೆ ಮೂಟೆ ಸಿಮೆಂಟು ಬಂತು. ಒಂದು ಗಂಟೆಯಲ್ಲಿ ಕಲ್ಲಾಗಿಸುವ ಪುಡಿ ಎಂದು ನಾಣಯ್ಯ ಕುಶಾಲನಗರದಿಂದ ಯಾವುದೋ ಡಬ್ಬಿಯನ್ನೇ ತರಿಸಿದ. ಒಂದು ಮೂಟೆಗೆ ಒಂದು ಹಿಡಿ ಎಂದು ಡಬ್ಬಿಯ ಮೇಲೆ ಬರೆದಿತ್ತು. ಅವಸರಕ್ಕೆ ಅಷ್ಟು ಸಾಲದು ಎಂದು ನಾಣಯ್ಯ ಇಡೀ ಡಬ್ಬಿಯನ್ನು ಮಗುಚಿದ. ಕಂಬಿಯ ಮೂರು ಕಾಲುಗಳ ಸುತ್ತ ಮೊಣಕಾಲೆತ್ತರಕ್ಕೆ ಸಿಮೆಂಟು ಮೆತ್ತಿದರು. ನೋಡಲು ಮೂರು ಹುತ್ತ ಎದ್ದ ಹಾಗಿತ್ತು. ಹೊನ್ನಮ್ಮ ಕಿಟಕಿಯಿಂದ ನೋಡಿ, ನಾಗರಪಂಚಮಿಗೆ ಇನ್ನು ದೂರ ಹೋಗುವುದು ಬೇಡ ಎಂದಳು.

ಮುಟ್ಟಬೇಡಿ ಎಂದು ಸಣ್ಣಸ್ವಾಮಿ ಕೈಮುಗಿದು ಹೇಳಿದ. ಮುಟ್ಟಬೇಡಿ ಎಂದರೆ ಯಾಕೆ ಎಂದು ನೋಡಲು ಮುಟ್ಟುವ ಜನ. ಅವನು ಒಂದು ಕೋಲು ಹಿಡಿದು ಮೊದಲ ಮೆಟ್ಟಿಲ ಮೇಲೆ ಕಾವಲು ಕೂತ. ಒಂದು ಗಂಟೆಗೆ ಹಸಿವು ತಡೆಯಲಾರದೆ ಎರಡು ಮುದ್ದೆ ನುಂಗಲು ಒಳಗೆ ಹೋದ. ಅವನು ಕೈ ತೊಳೆದು ಬರುವುದರೊಳಗೆ ಶಕುಂತಲಮ್ಮ, ತನ್ನ ಸಿಮೆಂಟು ಹಿಡಿದಿದೆಯೋ ಇಲ್ಲವೋ ಎಂದು ತಿಳಿಯುವ ಹಕ್ಕು ತನಗೂ ಇದೆ ಎಂದುಕೊಂಡು ಮೇಲಿನ ತುದಿಯನ್ನು ಒಂದು ಸಲ ಜಗ್ಗಿ ಬಿಟ್ಟಿದ್ದಳು. ಮೇಲಿನ ಹುತ್ತದಲ್ಲಿ ಸೀಳು ಬಿಟ್ಟು, ಕಂಬಿ ಬೀದಿಯ ಕಡೆಗೆ ವಾಲಿಕೊಂಡು ನಿಂತಿತ್ತು. ಅವಳು, ನಾನು ಬರೀ ಬೆರಳು ಇಟ್ಟದ್ದು ಎಂದಳು.

ಸಣ್ಣಸ್ವಾಮಿಗೆ ಅಳು ಬರುವುದೊಂದು ಬಾಕಿ. ಬಹಳ ಜನ ಸೇರಿದ ಕಡೆ ಹಾವು ಸಾಯುವುದಿಲ್ಲ ಎಂಬ ಗಾದೆ ಅವನಿಗೂ ಗೊತ್ತಿತ್ತು. ಆದರೆ ಆ ಬಹಳ ಜನರ ಓಟು ಅವನಿಗೆ ಬೇಕಾಗಿದ್ದರಿಂದ ಯಾರನ್ನೂ ಗದರಿ ಕಳಿಸುವ ಹಾಗಿರಲಿಲ್ಲ. ನಗುತ್ತಲೇ ಒಳಗೊಳಗೆ ಹಲ್ಲು ಕಡಿದು, ಕೂಡಿಗೆಯ ವೆಲ್ಡಿಂಗ್ ನವೀನನಿಗೆ ಫೋನು ಮಾಡಿದ.

ನವೀನ ಬೈಕಿನ ಹಿಂದೆ ಯಂತ್ರ ಕಟ್ಟಿಕೊಂಡು ಬಂದ. ಅವನು ಬಂದ ಗಳಿಗೆಗೆ ಕರೆಂಟು ಹೋಯಿತು. ಕರೆಂಟು ಬರುವವರೆಗೆ ಅವನೂ ಉಳಿದವರ ಹಾಗೆ ಕಂಬಿಯನ್ನು ಅಲ್ಲಾಡಿಸುತ್ತ ಕೂತ. ಎರಡೂವರೆಗೆ ಕರೆಂಟು ಬಂದದ್ದೇ ಅವನಿಗೆ ಭೂತ ಹಿಡಿದ ಹಾಗಾಯಿತು. ನಾಣಯ್ಯ ಬೆರಳು ತೋರಿಸಿದ ಕಡೆಯಲ್ಲೆಲ್ಲ ಬೆಸುಗೆ ಹಾಕಿದ. ಹಳೇ ಗೇಟಿನ ಸರಳು ಕತ್ತರಿಸಿ ಪ್ರತಿ ಕಾಲಿಗೂ ಎರಡೆರಡು ಊರುಗೋಲು ಕೊಟ್ಟ. ಮೇಲಿನ ತುದಿಯನ್ನು ಕಿಟಕಿಯ ಸರಳಿಗೆ ಬೆಸೆದ, ಕೆಳಗಿನ ತುದಿಯನ್ನು ಅಡಿಪಾಯದ ಕಲ್ಲಿಗೆ ಕೊರೆದು ಕೂರಿಸಿದ. ಕಿಡಿ ಹಾರಿ ಹಗ್ಗದ ಮೇಲೆ ಒಣಗುತ್ತಿದ್ದ ಹೊನ್ನಮ್ಮನ ಸೀರೆಯಲ್ಲಿ ಒಂಬತ್ತು ತೂತಾದವು. ಉಳಿದಿದ್ದ ಸಿಮೆಂಟನ್ನೂ ಮೆತ್ತಿ ಮುಗಿಸಿದಾಗ ಮೂರು ಮುಕ್ಕಾಲು. ನವೀನನಿಗೆ ಯಾವುದೋ ಎಸ್ಟೇಟಿನಿಂದ, ಕಾಫಿಹಣ್ಣು ಸುಲಿಯುವ ಪಲ್ಪರ್ ಕೈಕೊಟ್ಟಿದೆ ಎಂದು ಕರೆ ಬಂದು ಅವನು ಅತ್ತ ಓಡಿದ.

ಈಗ ಕಂಬಿ ನಿಂತಿತು. ನಾಣಯ್ಯ ಕುಲುಕಿದ, ಅಲ್ಲಾಡಿದ್ದು ನಾಣಯ್ಯ. ಶಕುಂತಲಮ್ಮ ಜಗ್ಗಿದಳು, ನಾಲ್ವರು ಗಂಡಸರು ಸೇರಿ ನೂಕಿದರು. ರಾತ್ರಿ ಕಾಡಾನೆ ಬಂದು ಬೆನ್ನು ತುರಿಸಿಕೊಂಡರೂ ಏನೂ ಆಗುವುದಿಲ್ಲ ಎಂದು ಎಲ್ಲರೂ ಒಪ್ಪಿದರು. ಸಣ್ಣಸ್ವಾಮಿ ಬಿಳಿ ಅಂಗಿ ಬದಲಾಯಿಸಿ ಬಂದ. ಸುಟ್ಟ ವಾಸನೆ, ಹುತ್ತ, ಅಡ್ಡಾದಿಡ್ಡಿ ಸರಳು ಎಲ್ಲ ಸೇರಿ ಆ ಮೆಟ್ಟಿಲು ಜೈಲಿನ ಹಿಂಬಾಗಿಲಿನ ಹಾಗೆ ಕಾಣುತ್ತಿತ್ತು. ಅವನ ಕಣ್ಣಿಗೆ ಅದು ಅರಮನೆಯ ಮೆಟ್ಟಿಲು.

ನಾಲ್ಕೂಕಾಲು ಗಂಟೆಗೆ ಲಾರಿ ಬಂತು. ಮುಂದೆ ಕಾರಿನಲ್ಲಿ ಬಂದಿಳಿದ ತ್ರಿಪುರಸುಂದರಮ್ಮ ಯಾರನ್ನೂ ಮಾತಾಡಿಸದೆ ನೇರ ಕಂಬಿಯ ಹತ್ತಿರ ಹೋಗಿ ಕೈ ಇಟ್ಟರು. ಅವರು ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿ, ಮೇಲೆ ಹೋಗಿ ತಿರುಗಿ ನೋಡಿ ನಕ್ಕರು. “ಕೊಟ್ಟ ಮಾತು ಉಳಿಸ್ಕೊಂಡ್ರಿ ಸ್ವಾಮಿಯವರೇ,” ಎಂದರು. ಹದಿನೈದು ದಿನ ಊರೆಲ್ಲ ತಿರುಗಿ ಸಣ್ಣಸ್ವಾಮಿ ಗಳಿಸದ ಮರ್ಯಾದೆ ಆ ಒಂದು ಮಾತಿನಲ್ಲಿ ಬಂತು. ಅವನು ಡೇರಿಯವರು ಬಂದಿದ್ದಾರೋ ಎಂದು ಕತ್ತು ಉದ್ದ ಮಾಡಿ ನೋಡಿದ.

ಮೇಷ್ಟ್ರು ಲಾರಿಯ ಹಿಂದೆ ನಿಂತು, ಮೊದಲು ದೇವರ ಮಂಟಪ ಎಂದರು. ನಾಲ್ಕು ಮಂದಿ ಹಮಾಲಿಗಳು ಸೇರಿ ಇಳಿಸಿದರು. ಮೇಷ್ಟ್ರ ಮುತ್ತಜ್ಜನ ಕಾಲದ ಹಲಸಿನ ಮರದ ಮಂಟಪ, ಆಳೆತ್ತರ, ಮೂರು ಅಡಿ ಅಗಲ. ನಾಲ್ಕು ಕಂಬ, ಮೇಲೆ ಗೋಪುರ, ಕೆಳಗೆ ಪೀಠ, ಎಲ್ಲ ಒಂದೇ. ಹೊತ್ತುಕೊಂಡು ಬಂದವರು ಎರಡನೆಯ ಮೆಟ್ಟಿಲಿಗೆ ಬಂದು ನಿಂತರು. ಒಂದು ಕಡೆ ಗೋಡೆ, ಒಂದು ಕಡೆ ಕಂಬಿ. ನಡುವೆ ಇದ್ದದ್ದು ಎರಡು ಅಡಿ ಮೂರು ಅಂಗುಲ.

ಮೆಟ್ಟಿಲು ಹೀಗೆ ಕಿರಿದಾದದ್ದು ತಾನಾಗಿ ಅಲ್ಲ. ಕಟ್ಟಿಸುವಾಗ ಸಣ್ಣಸ್ವಾಮಿಯೇ, ಪಕ್ಕದಲ್ಲಿ ಕಾರು ನಿಲ್ಲಿಸಲು ಜಾಗ ಬೇಕೆಂದು ಹಟ ಹಿಡಿದು ಮೆಟ್ಟಿಲನ್ನು ಒಂದು ಅಡಿ ಒತ್ತಿಸಿದ್ದ. ಕಾರು ಇನ್ನೂ ಬಂದಿರಲಿಲ್ಲ.

ಹಮಾಲಿಗಳು ಓರೆ ಮಾಡಿ ನೋಡೋಣ ಎಂದರು. ದೇವರ ಪೀಠವನ್ನು ಬೀರುವಿನ ಹಾಗೆ ಮಲಗಿಸುವುದುಂಟೇ ಎಂದು ಮೇಷ್ಟ್ರು ತಡೆದರು. ಹಗ್ಗ ಕಟ್ಟಿ ತಾರಸಿಯಿಂದ ಎಳೆದುಕೊಳ್ಳೋಣ ಎಂದ ನಾಣಯ್ಯ. ಮೇಷ್ಟ್ರು ಅವನನ್ನು ನೋಡಿದ ನೋಟಕ್ಕೆ ಅವನೇ ಎರಡು ಹೆಜ್ಜೆ ಹಿಂದೆ ಸರಿದ. ಸಣ್ಣಸ್ವಾಮಿ ಬೆವರು ಒರೆಸಿಕೊಳ್ಳುತ್ತ, ಮೂರ್ತಿಗಳನ್ನು ಮಾತ್ರ ಕೈಯಲ್ಲಿ ತಂದು ಹಾಲು ಉಕ್ಕಿಸಿಬಿಡಿ, ಮಂಟಪಕ್ಕೆ ನಾಳೆ ದಾರಿ ಮಾಡುತ್ತೇನೆ ಎಂದು ಬೇಡಿಕೊಂಡ.

“ನಾಳೆಯಿಂದ ಧನುರ್ಮಾಸ,” ಎಂದರು ಮೇಷ್ಟ್ರು. “ಪೀಠ ಇಲ್ಲದೆ ಒಂದು ತಿಂಗಳು ದೇವರನ್ನ ಎಲ್ಲಿ ಕೂರಿಸಲಿ ಹೇಳಿ. ನಿಮ್ಮ ಪ್ಲಾಸ್ಟಿಕ್ ಕುರ್ಚಿ ಮೇಲಾ?”

ಐದು ಗಂಟೆ ದಾಟಿತ್ತು. ಬೀದಿಯ ಕೊನೆಯಲ್ಲಿ ಪಿಕ್ಕಿಂಗಿನವರ ಜೀಪು ಬಂದು ನಿಂತು, ಬೆಳಿಗ್ಗೆ ಹೋದವರೆಲ್ಲ ಕಾಫಿಹಣ್ಣಿನ ಕಲೆ ಹತ್ತಿದ ಕೈಯಲ್ಲೇ ಗುಂಪು ನೋಡಿಕೊಂಡು ಬಂದರು. ಅವರಲ್ಲಿ ದೊಡ್ಡಿಯೂ ಇದ್ದಳು. ಎರಡು ವರ್ಷದ ಹಿಂದೆ ಇದೇ ಮೆಟ್ಟಿಲಿಗೆ ಮೇಸ್ತ್ರಿಯ ಕೈಕೆಳಗೆ ಜಲ್ಲಿ ಹೊತ್ತು ಸಿಮೆಂಟು ಕಲೆಸಿದವಳು. ಅವಳು ಮೂರು ಹುತ್ತಗಳನ್ನೂ ಅಡ್ಡ ಸರಳುಗಳನ್ನೂ ನೋಡಿ ಬಾಯಿಯ ಮೇಲೆ ಕೈ ಇಟ್ಟಳು.

“ಇದ್ಯಾಕೆ ಸ್ವಾಮಣ್ಣ ಹಿಂಗೆ ಹೂತ್ಬುಟ್ರಿ. ಮೆಟ್ಲು ಅಗಲ ಸಾಲಕ್ಕಿಲ್ಲ, ಮಂಚ ಬೀರು ತರೋವಾಗ ಎತ್ತಿ ಪಕ್ಕಕ್ಕೆ ಮಡಗ್ಲಿ ಅಂತ ಮೇಸ್ತ್ರಿನೇ ಅದನ್ನ ಬಿಚ್ಚೋ ಹಂಗೆ ಮಾಡಿದ್ದು. ಒಂದೊಂದು ಕಾಲಿಗೂ ಬುಡದಲ್ಲಿ ಹೊರಮಗ್ಗುಲಿಗೆ ಒಂದೊಂದು ಬೋಲ್ಟು ಐತೆ. ಬಿಗಿ ಮಾಡಿದ್ರೆ ಗಟ್ಟಿ, ಸಡಿಲ ಮಾಡಿದ್ರೆ ಎತ್ತಕ್ಕೆ ಬತ್ತದೆ.”

ಮೂರು ಬೋಲ್ಟು, ಒಂದು ಸ್ಪ್ಯಾನರು, ಐದು ನಿಮಿಷ. ಬೆಳಿಗ್ಗೆ ಏಳು ಗಂಟೆಯಿಂದ ಹದಿನೈದು ಮಂದಿ ಹಿಡಿದು ಅಲ್ಲಾಡಿಸಿದ್ದರೇ ಹೊರತು ಒಬ್ಬನಾದರೂ ಬಗ್ಗಿ ಬುಡದ ಹೊರಮಗ್ಗುಲು ನೋಡಿರಲಿಲ್ಲ. ಮೇಸ್ತ್ರಿ ನಿಮಗೂ ಹೇಳಿದ್ದ ಎಂದು ದೊಡ್ಡಿ ಸೇರಿಸಿದಳು; ಆವಾಗ ನೀವು ಓಟಿನ ಲೆಕ್ಕದ ಫೋನಿನಲ್ಲಿದ್ದಿರಿ, ಹೂಂ ಹೂಂ ಅಂದಿರಿ.

ಸಣ್ಣಸ್ವಾಮಿ ಓಡಿಹೋಗಿ ಹಾರೆ ತಂದ. ಸಿಮೆಂಟಿನ ಮೇಲೆ ಹೊಡೆದ; ಹಾರೆ ಕಿಡಿ ಕಾರಿ ಹಿಂದಕ್ಕೆ ಎಗರಿತು. ನಾಣಯ್ಯ ಮಗುಚಿದ್ದ ಪುಡಿ ತನ್ನ ಕೆಲಸ ಮಾಡಿತ್ತು. ಜೀಪಿನಿಂದ ಇಳಿದ ಗಾರೆಯವನು, ಬಡಗಿ, ಡೋಲಿನವನು ಎಲ್ಲರೂ ಕೈಹಾಕಿ ಎಳೆದರು. ದಿನವಿಡೀ ಕೈ ಸೋಕಿದರೆ ಆಡುತ್ತಿದ್ದ ಕಂಬಿ ಈಗ ಕೂದಲೆಳೆಯಷ್ಟೂ ಮಿಸುಕಲಿಲ್ಲ. ಕತ್ತರಿಸುವ ಯಂತ್ರ ಇದ್ದದ್ದು ನವೀನನ ಹತ್ತಿರ. ಅವನು ಪಲ್ಪರಿನ ಕೆಳಗೆ ಮಲಗಿ ಫೋನಿಗೆ, ಎಂಟು ಗಂಟೆಯ ಮೇಲೆ ಬರುತ್ತೇನೆ ಎಂದ. ಸೂರ್ಯ ಆರಕ್ಕೆ ಮುಳುಗುವವನು. ಸಣ್ಣಸ್ವಾಮಿ ಬಿಳಿ ಅಂಗಿಯ ತೋಳು ಹರಿದುಕೊಂಡು, ಬೆಳಗಿನಿಂದ ಗಟ್ಟಿ ಮಾಡಿದ್ದನ್ನು ಈಗ ಸಡಿಲ ಮಾಡಲು ಒಬ್ಬನೇ ಗುದ್ದುತ್ತಿದ್ದ. ನೋಡುವವರಿಗೆ ನಗು ಬರುತ್ತಿತ್ತು, ಅವನಿಗೆ ಕಣ್ಣು ತುಂಬಿ ಬರುತ್ತಿತ್ತು.

ಆಗ ನಾಣಯ್ಯ ಕೆಮ್ಮಿದ. ತನ್ನ ಮನೆಯ ಹಿಂದೆ ಹಳೆಯ ಹೆಂಚಿನ ಮನೆಯೊಂದಿದೆ, ಅಪ್ಪನ ಕಾಲದ್ದು, ಬಾಡಿಗೆಗೆ ಕೊಡುವ ಯೋಚನೆ ಮಾಡಿದ್ದಿಲ್ಲ ಎಂದ. ಒಂದೇ ಅಂತಸ್ತು, ದೇವರ ತಲೆಯ ಮೇಲೆ ಹೆಂಚು, ಹೆಂಚಿನ ಮೇಲೆ ಆಕಾಶ. ಬಾಗಿಲು ನಾಲ್ಕು ಅಡಿ ಅಗಲ. ಮೆಟ್ಟಿಲೇ ಇಲ್ಲ. ನಾಣಯ್ಯ ಇದನ್ನು ಬೆಳಿಗ್ಗೆಯಿಂದ ಹೊಂಚು ಹಾಕಿ ಮಾಡಿದ ಎಂದು ಸಣ್ಣಸ್ವಾಮಿ ಆಮೇಲೆ ಹಲವರಿಗೆ ಹೇಳಿದ. ಅದು ಅನ್ಯಾಯದ ಮಾತು. ಹೊಂಚು ಹಾಕುವಷ್ಟು ಬುದ್ಧಿ ನಾಣಯ್ಯನಿಗೆ ಇರಲಿಲ್ಲ.

ಮೇಷ್ಟ್ರು ಹೋಗಿ ನೋಡಿ ಬಂದರು. ಮೆಟ್ಟಿಲಿಲ್ಲ ಎಂಬ ಮಾತು ಕಿವಿಗೆ ಬಿದ್ದದ್ದೇ ತ್ರಿಪುರಸುಂದರಮ್ಮ, ಕಂಬಿಯನ್ನು ಭದ್ರವಾಗಿ ಹಿಡಿದುಕೊಂಡು ಮಹಡಿಯಿಂದ ಇಳಿದರು. ತೊಂದರೆ ಒಂದೇ ಇತ್ತು. ಹೆಂಚಿನ ಮನೆಯ ತುಂಬ ನಾಣಯ್ಯನ ಮುಸುಕಿನ ಜೋಳದ ಮೂಟೆ, ಅರವತ್ತಕ್ಕೆ ಮೇಲೆ. ಅಂಗಳದಲ್ಲಿ ಹಾಕಿದರೆ ರಾತ್ರಿಯ ಇಬ್ಬನಿಗೆ ಮೊಳಕೆ ಬರುತ್ತದೆ. ಎಲ್ಲಿ ಇಡುವುದು ಎಂದು ನಾಣಯ್ಯ ತಲೆ ಕೆರೆದುಕೊಂಡ. ಮೇಷ್ಟ್ರು ಸುತ್ತ ನೋಡಿ, ಸಣ್ಣಸ್ವಾಮಿಯ ಹೆಗಲ ಮೇಲೆ ಕೈ ಇಟ್ಟರು.

“ಸ್ವಾಮಿಯವರೇ, ದೇವರ ಕೆಲಸ ಇದು. ಹೇಗೂ ನಿಮ್ಮ ಮಹಡಿ ಖಾಲಿ ಇದೆ.”

ಇಡೀ ಬೀದಿ ಅವನ ಬಾಯಿಯನ್ನೇ ನೋಡುತ್ತಿತ್ತು. ದೇವರಿಗೆ ಇಲ್ಲ ಎನ್ನುವುದೂ ಒಂದೇ, ಮೂರನೆಯ ಸಲ ಚುನಾವಣೆಗೆ ನಿಲ್ಲುವುದಿಲ್ಲ ಎನ್ನುವುದೂ ಒಂದೇ. ಅವನು ತಲೆ ಆಡಿಸಿದ. ಹಮಾಲಿಗಳು, ಜೀಪಿನಿಂದ ಇಳಿದ ಗಂಡಸರು ಸಾಲುಗಟ್ಟಿ ಬಂದರು. ಬೆನ್ನ ಮೇಲೆ ಮೂಟೆ, ಒಂದು ಕೈಯಲ್ಲಿ ಕಂಬಿ. ಮಂಟಪ ಹಿಡಿಸದ ಮೆಟ್ಟಿಲಲ್ಲಿ ಮೂಟೆ ಸಲೀಸಾಗಿ ಹಿಡಿಸಿತು. ಇಷ್ಟು ಗಟ್ಟಿ ಕಂಬಿ ಇದ್ದದ್ದಕ್ಕೆ ಬಚಾವಾದೆವು ಎಂದು ಒಬ್ಬೊಬ್ಬರೂ ಹೇಳಿ ಹತ್ತಿದರು, ಹೇಳಿ ಇಳಿದರು. ಆರಕ್ಕೆ ಐದು ನಿಮಿಷ ಇರುವಾಗ ಮಂಟಪ ಹೆಂಚಿನ ಮನೆಯ ಹೊಸ್ತಿಲು ದಾಟಿತು, ಹಾಲು ಉಕ್ಕಿತು, ಶಕುಂತಲಮ್ಮನ ಸಂಘದವರು ಆರತಿ ಹಾಡಿದರು.

ಸಣ್ಣಸ್ವಾಮಿ ಗುಂಪಿನ ಹಿಂದೆ ನಿಂತು, ಸಂಕ್ರಾಂತಿ ಕಳೆದ ಮೇಲೆ ಕಂಬಿ ಕತ್ತರಿಸಿಟ್ಟಿರುತ್ತೇನೆ, ಆಗ ಬಂದುಬಿಡಿ ಎಂದು ಮೇಷ್ಟ್ರ ಕಿವಿಯಲ್ಲಿ ಹೇಳಿದ. ಕೂತ ದೇವರನ್ನು ಸುಮ್ಮಸುಮ್ಮನೆ ಎಬ್ಬಿಸಬಾರದು ಎಂದು ಮೇಷ್ಟ್ರು ನಗುತ್ತ ಅವನ ಕೈಗೆ ಪ್ರಸಾದ ಕೊಟ್ಟರು. ನಾಣಯ್ಯ ಪಕ್ಕಕ್ಕೆ ಬಂದು, ಜೋಳಕ್ಕೆ ಒಳ್ಳೆಯ ರೇಟು ಬರುವವರೆಗೆ ಮಾರುವುದಿಲ್ಲ, ಇಲಿ ಕಾಟ ನೋಡಲು ಆಗಾಗ ಹತ್ತಿ ಇಳಿಯಬೇಕಾಗುತ್ತದೆ, ಮಹಡಿಯ ಬೀಗದ ಕೈ ತನ್ನ ಹತ್ತಿರವೇ ಇರಲಿ ಎಂದ. ಅದನ್ನೂ ಸಣ್ಣಸ್ವಾಮಿ ಕೊಟ್ಟ.

ಮನೆಗೆ ಬಂದಾಗ ಹೊನ್ನಮ್ಮ ತೂತು ಬಿದ್ದ ಸೀರೆಯನ್ನು ಮಡಿಲಲ್ಲಿ ಹರಡಿಕೊಂಡು ಕೂತಿದ್ದಳು. ಮೇಲೆ ದಬದಬ ಸದ್ದು ಕೇಳಿ, ಮೇಷ್ಟ್ರ ಸಾಮಾನೆಲ್ಲ ಬಂತೆಂದೇ ತಿಳಿದಿದ್ದಳು.

“ಅಂತೂ ಮಹಡಿ ಕೊಟ್ರಾ?”

“ಕೊಟ್ಟೆ.”

“ಮೇಷ್ಟ್ರಿಗೇ ತಾನೇ?”

ಸಣ್ಣಸ್ವಾಮಿ ಹರಿದ ಅಂಗಿಯನ್ನು ಬಿಚ್ಚಿ ಗೂಟಕ್ಕೆ ಹಾಕಿ, ಬೆನ್ನು ತಿರುಗಿಸಿಕೊಂಡೇ ಹೇಳಿದ: “ಜೋಳಕ್ಕೆ.”